ವಿಧಾನಸೌಧ ತೋರಿಸುವವರು ಯಾರಾಗಿರಬೇಕು?

ನಮ್ಮಲ್ಲಿ ಹೆಚ್ಚಿನವರು ವಿಧಾನಸೌಧವನ್ನು ನೋಡಿರುವುದು ಮೂರೇ ಕಡೆ. ಶಾಲೆಯ ಪುಸ್ತಕದ ಚಿತ್ರದಲ್ಲಿ, ಟೀವಿ ವಾರ್ತೆಯಲ್ಲಿ ವರದಿಗಾರರ ಬೆನ್ನ ಹಿಂದೆ, ಇಲ್ಲವೇ ಬೆಂಗಳೂರಿನ ರಸ್ತೆಯಲ್ಲಿ ಹೋಗುವಾಗ ಟ್ಯಾಕ್ಸಿಯ ಕಿಟಕಿಯಿಂದ. ಒಳಗೆ ಹೋಗಬೇಕೆಂದರೆ ಯಾರಾದರೂ ಶಾಸಕರ ಪರಿಚಯ ಬೇಕು, ಒಂದು ಪಾಸು ಬೇಕು, ಮುಖ್ಯವಾಗಿ ಏನಾದರೂ ಒಂದು "ಕೆಲಸ" ಇರಬೇಕು ಎನ್ನುವುದು ನಾವು ಬೆಳೆದು ಬಂದ ತಿಳಿವಳಿಕೆ. ಸುಮ್ಮನೆ ನೋಡಲು ಹೋಗುವ ಜಾಗ ಅದಲ್ಲ ಎಂದೇ ಎಲ್ಲರೂ ಒಪ್ಪಿಕೊಂಡಿದ್ದೆವು.

2025ರ ಜೂನ್ 1ರಿಂದ ಆ ಮಾತು ಬದಲಾಗಿದೆ. ರಾಜ್ಯದ ಪ್ರವಾಸೋದ್ಯಮ ಇಲಾಖೆ ವಿಧಾನಸೌಧದಲ್ಲಿ ಮಾರ್ಗದರ್ಶಿ ಪ್ರವಾಸ ಶುರುಮಾಡಿದೆ. ಪ್ರತಿ ಭಾನುವಾರ, ಜೊತೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ದೊಡ್ಡವರಿಗೆ 50 ರೂಪಾಯಿ, ಮಕ್ಕಳಿಗೆ ಉಚಿತ. ಆನ್‌ಲೈನಿನಲ್ಲಿ ಬುಕ್ ಮಾಡಿ, ಗುರುತಿನ ಚೀಟಿ ಹಿಡಿದು ಹೋದರೆ 30 ಜನರ ಒಂದು ತಂಡಕ್ಕೆ ಸೇರಿಸಿ ಒಂದೂವರೆ ಗಂಟೆ ಸುತ್ತಿಸುತ್ತಾರೆ. ದಿನಕ್ಕೆ ಇಂಥ ಹತ್ತು ತಂಡ, ಅಂದರೆ 300 ಜನ. ವಿವರಣೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಶುರುವಿನಲ್ಲಿ ಪ್ರಕಟವಾದ ವ್ಯವಸ್ಥೆ ಇದು.

ಒಳ್ಳೆಯ ಕೆಲಸ. ಬಹಳ ಹಿಂದೆಯೇ ಆಗಬೇಕಿತ್ತು. ಆದರೆ ಬಾಗಿಲು ತೆರೆಯುವುದು ಸುಲಭ, ತೆರೆದ ಬಾಗಿಲಲ್ಲಿ ಯಾರನ್ನು ನಿಲ್ಲಿಸುತ್ತೀರಿ ಎನ್ನುವುದು ಕಷ್ಟದ ಪ್ರಶ್ನೆ. ಈ ಲೇಖನ ಅದರ ಬಗ್ಗೆ. ಕತಾರಿನಲ್ಲಿ ಕೂತವನಿಗೆ ಬೆಂಗಳೂರಿನ ಗೈಡುಗಳ ಚಿಂತೆ ಏಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ.

ಆ ಕಟ್ಟಡದ ಜೊತೆ ನಮಗೆ ಇರುವ ಸಂಬಂಧ ಬಹಳ ತೆಳ್ಳಗಿನದು. 2010ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ವಿದೇಶದಲ್ಲಿರುವ ಭಾರತೀಯರು ತಮ್ಮ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ನಮೂನೆ 6ಎ ತುಂಬಿದರೆ ಆಯಿತು. ಆದರೆ ಮತ ಹಾಕಲು ಮಾತ್ರ ಖುದ್ದಾಗಿ ಊರಿನ ಬೂತಿಗೇ ಹೋಗಬೇಕು. 2023ರ ಮೇ 10ರ ಬುಧವಾರ ಕರ್ನಾಟಕ ಮತ ಹಾಕಿದಾಗ ನಮ್ಮಲ್ಲಿ ಹೆಚ್ಚಿನವರು ಡ್ಯೂಟಿಯಲ್ಲಿದ್ದೆವು. ಒಂದು ದಿನದ ವೋಟಿಗೆ ಯಾವ ಕಂಪೆನಿ ರಜೆ ಕೊಡುತ್ತದೆ, ವಿಮಾನದ ಟಿಕೆಟ್ಟಿಗೆ ಯಾರು ದುಡ್ಡು ಹಾಕುತ್ತಾರೆ? ಹಾಗಾಗಿ 224 ಶಾಸಕರು ಕೂರುವ ಆ ಸಭಾಂಗಣಕ್ಕೆ ನಾವು ಯಾರನ್ನೂ ಕಳಿಸುವುದಿಲ್ಲ. ನಮ್ಮ ಮಕ್ಕಳಂತೂ ಅದನ್ನು "ಅಪ್ಪನ ಊರಿನ ದೊಡ್ಡ ಬಿಲ್ಡಿಂಗ್" ಎಂದಷ್ಟೇ ಬಲ್ಲರು. ಪಕ್ಕದ ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಇಲಾಖೆ ಮಾಡಿತು. 2018ರ ಜನವರಿಯಲ್ಲಿ ತನ್ನ ವಿಧಾನಸಭಾ ಸಂಕೀರ್ಣದಲ್ಲೇ ಲೋಕ ಕೇರಳ ಸಭೆ ನಡೆಸಿ ಹೊರದೇಶದ ಮಲಯಾಳಿಗಳನ್ನು ಕರೆದು ಕೂರಿಸಿತು. ಅದರಿಂದ ಏನು ಸಾಧಿಸಿದರು ಎನ್ನುವ ಚರ್ಚೆ ಬೇರೆ. ಕರೆದು ಕೂರಿಸಿದರಲ್ಲ, ಅದು ದೊಡ್ಡದು. ನಮಗೆ ಸದ್ಯಕ್ಕೆ ಸಿಕ್ಕಿರುವುದು 50 ರೂಪಾಯಿಯ ಟಿಕೆಟು. ಮೂವತ್ತು ದಿನದ ರಜೆಯಲ್ಲಿ ಮದುವೆ, ಗೃಹಪ್ರವೇಶ, ಡಾಕ್ಟರು, ಬ್ಯಾಂಕು ಎಲ್ಲ ಮುಗಿಸಿ ಅರ್ಧ ದಿನ ಉಳಿಸಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, ಆ ಒಂದೂವರೆ ಗಂಟೆಯಲ್ಲಿ ಮಾತಾಡುವ ವ್ಯಕ್ತಿ ಯಾರು ಎನ್ನುವುದು ನಮಗೆ ಮುಖ್ಯವೇ.

ಈಗ ಲೆಕ್ಕಕ್ಕೆ ಬರೋಣ. ಸೈಟಿನಲ್ಲಿ ಕೆಲಸ ಮಾಡುವವನಾದ್ದರಿಂದ ನನಗೆ ಯಾವುದಕ್ಕೂ ಮೊದಲು ಎಷ್ಟು ಜನ ಬೇಕು, ಎಷ್ಟು ದಿನ ಬೇಕು ಎನ್ನುವ ಯೋಚನೆಯೇ ಬರುತ್ತದೆ. ದಿನಕ್ಕೆ ಹತ್ತು ತಂಡ, ತಂಡಕ್ಕೆ ಒಂದೂವರೆ ಗಂಟೆ. ಒಬ್ಬ ಗೈಡು ಮೆಟ್ಟಿಲು ಹತ್ತಿ ಇಳಿದು, ಗಂಟಲು ಸೋಲದೆ, ಕೊನೆಯ ತಂಡಕ್ಕೂ ಮೊದಲ ತಂಡದಷ್ಟೇ ಹುಮ್ಮಸ್ಸಿನಿಂದ ಹೇಳಬೇಕಾದರೆ ದಿನಕ್ಕೆ ಮೂರು ಸುತ್ತು ಸಾಕು. ಅಂದರೆ ನಾಲ್ವರು ಬೇಕು. ಎರಡು ಭಾಷೆ, ಯಾರಿಗಾದರೂ ಜ್ವರ ಬಂದರೆ ಬದಲಿ ಎಂದು ಇನ್ನೊಬ್ಬರನ್ನು ಸೇರಿಸಿದರೆ ಐವರು. ವರ್ಷದಲ್ಲಿ 52 ಭಾನುವಾರ, 24 ಶನಿವಾರ, ಒಟ್ಟು 76 ದಿನ. ಪ್ರತಿ ದಿನ ಎಲ್ಲ ಟಿಕೆಟ್ಟೂ ಖರ್ಚಾಗಿ, ಬಂದವರೆಲ್ಲ ದೊಡ್ಡವರೇ ಆದರೂ ವರ್ಷಕ್ಕೆ 22,800 ಜನ, 11 ಲಕ್ಷದ 40 ಸಾವಿರ ರೂಪಾಯಿ. ಮಕ್ಕಳು ಉಚಿತ ಇರುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆಯೇ. ಗೈಡಿಗೆ ದಿನಕ್ಕೆ 2,000 ರೂಪಾಯಿ ಕೊಟ್ಟರು ಅಂತಿಟ್ಟುಕೊಳ್ಳಿ. ಐವರಿಗೆ ದಿನಕ್ಕೆ 10,000 ಹೋಯಿತು. ದಿನದ ಗರಿಷ್ಠ ವಸೂಲಿ 15,000. ಉಳಿದದ್ದರಲ್ಲಿ ಟಿಕೆಟ್ ಕೌಂಟರು, ತಪಾಸಣೆ, ಶುಚಿತ್ವ.

ಇಲಾಖೆಯ ಕಡೆಯಿಂದ ಲೆಕ್ಕ ಹೇಗೋ ತಾಳೆಯಾಗುತ್ತದೆ. ಆದರೆ ಗೈಡಿನ ಕಡೆಯಿಂದ ನೋಡಿ. ದಿನಕ್ಕೆ 2,000 ಎಂದರೂ 76 ದಿನಕ್ಕೆ 1 ಲಕ್ಷ 52 ಸಾವಿರ, ಅದು ವರ್ಷದ ಸಂಪಾದನೆ! ಬೆಂಗಳೂರಿನಲ್ಲಿ ಅದರಿಂದ ಮನೆ ಬಾಡಿಗೆ ಕಟ್ಟಲಾಗದು. ಹಾಗಾಗಿ ಇದನ್ನೇ ನಂಬಿ ಯಾರೂ ಈ ಕೆಲಸ ಕಲಿಯುವುದಿಲ್ಲ. ಬರುವವರು ಬೇರೆ ಕೆಲಸ ಸಿಕ್ಕ ಕೂಡಲೇ ಹೋಗುತ್ತಾರೆ, ಹೊಸಬರು ಬಂದು ಅದೇ ನಾಲ್ಕು ಸಾಲು ಬಾಯಿಪಾಠ ಮಾಡುತ್ತಾರೆ, ಇಲ್ಲವೇ ಇಲಾಖೆಯ ಅಧಿಕಾರಿಗಳನ್ನೇ ರಜಾದಿನದಲ್ಲಿ ಕರೆಸಬೇಕಾಗುತ್ತದೆ. ವಾರಕ್ಕೊಂದು ದಿನದ ಕೆಲಸವನ್ನು ಕೆಲಸ ಎನ್ನಲಾಗದು. ಗಂಟೆ ಲೆಕ್ಕದಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ನನಗೆ ಕಾಣುವ ದಾರಿ ಎರಡು. ಒಂದು, ಸದನ ನಡೆಯದ ವಾರದ ದಿನಗಳಲ್ಲೂ ಶಾಲಾ ಮಕ್ಕಳಿಗಾಗಿ ಪ್ರವಾಸ ಇಡುವುದು. ವರ್ಷದ ಬಹುಪಾಲು ದಿನ ಸದನ ಕೂರುವುದೇ ಇಲ್ಲ. ಕಚೇರಿ ಕೆಲಸಕ್ಕೆ ತೊಂದರೆ ಆಗದಂತೆ ಸಭಾಂಗಣ, ಗ್ಯಾಲರಿ, ಮೊಗಸಾಲೆ ತೋರಿಸುವುದು ಅಸಾಧ್ಯವೇನಲ್ಲ. ಆಗ ಐದಾರು ಜನರಿಗೆ ಪೂರ್ಣ ಸಂಬಳದ ನೌಕರಿ ಆಗುತ್ತದೆ. ಅದರ ಖರ್ಚನ್ನು ಟಿಕೆಟ್ಟಿನಿಂದ ಎತ್ತಬೇಕೆಂಬ ಹಟ ಬಿಡಬೇಕು. ಮ್ಯೂಸಿಯಮ್ಮಿಗೆ, ಗ್ರಂಥಾಲಯಕ್ಕೆ ಯಾರಾದರೂ ಲಾಭ ನಷ್ಟ ನೋಡುತ್ತಾರೆಯೇ?

ಎರಡನೆಯದು, ಈ ಅರೆಕಾಲಿಕ ಕೆಲಸ ಯಾರಿಗೆ ಹೊಂದುತ್ತದೋ ಅಂಥವರನ್ನೇ ಹುಡುಕುವುದು. ಕೆನಡಾದ ಸಂಸತ್ತು ಇದನ್ನು ಮಾಡುತ್ತದೆ. ಒಟ್ಟಾವಾದಲ್ಲಿ ಸಂಸತ್ ಭವನ ತೋರಿಸುವ ಗೈಡುಗಳಲ್ಲಿ ಹೆಚ್ಚಿನವರು ಕಾಲೇಜು, ಯೂನಿವರ್ಸಿಟಿ ವಿದ್ಯಾರ್ಥಿಗಳು. ಇಂಗ್ಲಿಷ್, ಫ್ರೆಂಚ್ ಎರಡೂ ಬರಬೇಕು ಎನ್ನುವುದು ಷರತ್ತು. ಅವರನ್ನು ನೇಮಿಸುವುದು ಸಂಸತ್ತಿನ ಗ್ರಂಥಾಲಯ, ಪ್ರವಾಸೋದ್ಯಮ ಇಲಾಖೆ ಅಲ್ಲ. ಆ ಹುಡುಗ ಹುಡುಗಿಯರಿಗೆ ಫೀಸಿಗೆ ದುಡ್ಡೂ ಆಯಿತು, ತಮ್ಮ ದೇಶದ ಶಾಸನ ಸಭೆ ಹೇಗೆ ನಡೆಯುತ್ತದೆ ಎನ್ನುವ ಪಾಠವೂ ಆಯಿತು. ನಮ್ಮಲ್ಲಿ ರಾಜ್ಯಶಾಸ್ತ್ರ, ಇತಿಹಾಸ, ಕನ್ನಡ ಎಂಎ ಓದುವ ಮಕ್ಕಳು ಬೆಂಗಳೂರು ತುಂಬ ಇದ್ದಾರೆ. ಬೀದರಿನಿಂದ, ಚಾಮರಾಜನಗರದಿಂದ ಬಂದು ಹಾಸ್ಟೆಲಿನಲ್ಲಿ ಇರುವವರು. ಅವರಿಗೆ ಕೊಡಿ.

ಇನ್ನೊಂದು ಗುಂಪು ಇದೆ. ಇದನ್ನು ಹೇಳಲೆಂದೇ ಪೆನ್ನು ಹಿಡಿದದ್ದು ಎಂದರೂ ತಪ್ಪಿಲ್ಲ. ಗಲ್ಫಿನಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದು ಊರಿಗೆ ವಾಪಸ್ ಹೋದವರು. ಹೋಟೆಲಿನ ರಿಸೆಪ್ಷನ್ನಿನಲ್ಲಿ, ಏರ್‌ಪೋರ್ಟಿನಲ್ಲಿ, ಆಸ್ಪತ್ರೆಯಲ್ಲಿ, ಮಾಲಿನಲ್ಲಿ ನೂರು ದೇಶದವರ ಜೊತೆ ಮಾತಾಡಿ ಪಳಗಿದವರು. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಹಿಂದಿ, ಮಲಯಾಳಂ, ಇಂಗ್ಲಿಷ್, ವ್ಯವಹಾರಕ್ಕೆ ಸಾಕಾಗುವಷ್ಟು ಅರಬಿ ಬಲ್ಲವರು. ಸಮಯಕ್ಕೆ ಸರಿಯಾಗಿ ಯೂನಿಫಾರ್ಮ್ ಹಾಕಿ ನಿಲ್ಲುವ ಶಿಸ್ತು ಇದ್ದವರು. ಊರಿಗೆ ಹೋದ ಮೇಲೆ ಇವರಿಗೆ ಸಿಗುವ ಕೆಲಸ ಏನು? ವಯಸ್ಸಾಯಿತು ಎನ್ನುತ್ತಾರೆ, ಸರ್ಟಿಫಿಕೇಟ್ ಎಲ್ಲಿ ಎನ್ನುತ್ತಾರೆ. ಒಂದು ಅಂಗಡಿ ಹಾಕಿ ಕೈಸುಟ್ಟುಕೊಂಡು ಮನೆಯಲ್ಲಿ ಕೂರುತ್ತಾರೆ. ವಾರಕ್ಕೆರಡು ದಿನ ಗೌರವದ ಕೆಲಸ ಇವರಿಗೆ ಹೊರೆಯಲ್ಲ. ವಿಧಾನಸೌಧಕ್ಕೆ ಮಾತ್ರವಲ್ಲ, ಮೈಸೂರು, ಹಂಪಿ, ಬಾದಾಮಿಗೂ ಇದು ಹೊಂದುತ್ತದೆ. ನಮ್ಮ ಸಂಘ ಸರ್ಕಾರದ ಮುಂದೆ ಇಡುವ ಬೇಡಿಕೆಗಳ ಪಟ್ಟಿಯಲ್ಲಿ ಪ್ರತಿ ವರ್ಷ ವಿಮಾನ ದರ ಇರುತ್ತದೆ. ಈ ವರ್ಷ ಇದೂ ಇರಲಿ.

ಗೈಡು ಯಾರ ನೌಕರ ಎನ್ನುವ ಪ್ರಶ್ನೆಯನ್ನು ಸಣ್ಣದೆಂದು ಬಿಡಬಾರದು. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನಕ್ಕೆ 2008ರಲ್ಲಿ ಸಂದರ್ಶಕರ ಕೇಂದ್ರ ತೆರೆದರು. ಅದು ಅಲ್ಲಿನ ಸಂಸತ್ತಿಗೆ ಸೇರಿದ ವ್ಯವಸ್ಥೆ, ಅಧ್ಯಕ್ಷರ ಸರ್ಕಾರಕ್ಕೆ ಸೇರಿದ್ದಲ್ಲ. ಪ್ರವಾಸ ಉಚಿತ. ಲಂಡನ್ನಿನಲ್ಲೂ ಸಂಸತ್ತೇ ನಡೆಸುತ್ತದೆ. ಅಲ್ಲಿನ ನಿವಾಸಿಗಳು ತಮ್ಮ ಸಂಸದರ ಮೂಲಕ ಉಚಿತವಾಗಿ ನೋಡಬಹುದು. ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಗಾಜಿನ ಗುಮ್ಮಟಕ್ಕೂ ಹೆಸರು ನೋಂದಾಯಿಸಿದರೆ ಸಾಕು, ದುಡ್ಡಿಲ್ಲ. ನಮ್ಮ ವಿಧಾನಸೌಧದ ವಿಶೇಷ ಎಂದರೆ ಅಲ್ಲಿ ಸದನವೂ ಇದೆ, ಮಂತ್ರಿಗಳ ಕೊಠಡಿಗಳೂ ಇವೆ. ಸರ್ಕಾರದ ಇಲಾಖೆ ನೇಮಿಸಿದ ಗೈಡು ಇಂದಿನ ಮುಖ್ಯಮಂತ್ರಿಯ ಯೋಜನೆಗಳನ್ನು ಹೊಗಳಿದರೆ ನಾಳೆ ಇನ್ನೊಂದು ಪಕ್ಷ ಬಂದಾಗ ಬೇರೆ ಹಾಡು ಹಾಡಬೇಕು. ಅದರ ಬದಲು ವಿಧಾನಸಭಾಧ್ಯಕ್ಷರು ಮತ್ತು ಪರಿಷತ್ತಿನ ಸಭಾಪತಿಗಳ ಅಧೀನದ ಸಚಿವಾಲಯವೇ ನೇಮಿಸಿ, ತರಬೇತಿ ಕೊಟ್ಟು, ಏನು ಹೇಳಬೇಕೆಂಬುದನ್ನು ಇತಿಹಾಸ ಬಲ್ಲವರಿಂದ ಬರೆಸಲಿ. ಟಿಕೆಟ್ ಮಾರುವುದನ್ನು ಬೇಕಾದರೆ ಪ್ರವಾಸೋದ್ಯಮ ನಿಗಮಕ್ಕೇ ಬಿಡಲಿ, ಆ ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ.

ಏನು ಹೇಳಬೇಕು ಎನ್ನುವಲ್ಲಿ ನನಗೆ ಸ್ವಲ್ಪ ಹಟವೇ ಇದೆ. ಶಂಕುಸ್ಥಾಪನೆ 1951ರ ಜುಲೈ 13, ಮಾಡಿದವರು ನೆಹರೂ. ಇಂಜಿನಿಯರ್ ಬಿ.ಆರ್. ಮಾಣಿಕ್ಕಂ. ಉದ್ದ 700 ಅಡಿ, ಅಗಲ 350 ಅಡಿ, ಖರ್ಚು ಸುಮಾರು 1.75 ಕೋಟಿ. ಇಷ್ಟನ್ನು ಯಾರೂ ಹೇಳುತ್ತಾರೆ. ಮೊದಲು ಸರಳವಾಗಿದ್ದ ನಕ್ಷೆಯನ್ನು ಬದಲಿಸಿ ದ್ರಾವಿಡ ಶೈಲಿಯ ಕಲ್ಲಿನ ಅರಮನೆಯಂತೆ ಮಾಡಿಸಿದವರು ಕೆಂಗಲ್ ಹನುಮಂತಯ್ಯ. ಖರ್ಚು ಹೆಚ್ಚಾಯಿತೆಂದು ಗದ್ದಲವಾಗಿ, ತನಿಖೆಯೂ ನಡೆಯಿತು. ಕಟ್ಟಡ ಮುಗಿದ 1956ರಲ್ಲೇ, ಆಗಸ್ಟಿನಲ್ಲಿ, ಅವರು ಮುಖ್ಯಮಂತ್ರಿ ಪದವಿ ಬಿಡಬೇಕಾಯಿತು. ಇದನ್ನೂ ಹೇಳಬೇಕು. "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬಾಗಿಲ ಮೇಲೆ ಕೆತ್ತಿಸಿದವರನ್ನೇ ಆ ಬಾಗಿಲು ಹೊರಗೆ ಕಳಿಸಿದ ಕಥೆ ಮಕ್ಕಳಿಗೆ ಮರೆಯುವುದಿಲ್ಲ.

ಆದರೆ ಅದಕ್ಕೂ ಮೊದಲು ಕಲ್ಲು ಹೊತ್ತವರ ವಿಷಯ ಬರಬೇಕು. ಆ ಕಟ್ಟಡಕ್ಕೆ 5,000ಕ್ಕೂ ಹೆಚ್ಚು ಕೂಲಿಗಳು ದುಡಿದರು, ಹೆಚ್ಚಿನವರು ಜೈಲಿನ ಕೈದಿಗಳು. ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತು. ಜೊತೆಗೆ 1,500ಕ್ಕೂ ಮಿಕ್ಕಿ ಕಲ್ಲುಕುಟಿಗರು, ಗಾರೆಯವರು, ಮರದ ಕೆತ್ತನೆಯವರು. ಬೆಂಗಳೂರಿನ ಸುತ್ತಲಿನ ಗ್ರಾನೈಟನ್ನು ಉಳಿಯಿಂದ ಕೆತ್ತಿ, ಮುಂಭಾಗದ ಹನ್ನೆರಡು ಕಂಬಗಳನ್ನು 40 ಅಡಿ ಎತ್ತರಕ್ಕೆ ನಿಲ್ಲಿಸಿದವರು ಅವರು. ಆ ಕಾಲದಲ್ಲಿ ಇಲ್ಲಿನಂತೆ ಟವರ್ ಕ್ರೇನುಗಳ ಸಾಲು ಎಲ್ಲಿತ್ತು? ಲುಸೈಲಿನಲ್ಲೋ ಅಲ್ ಖೋರಿನಲ್ಲೋ ಜುಲೈ ಬಿಸಿಲಿನಲ್ಲಿ ಕಬ್ಬಿಣ ಕಟ್ಟಿದ, ಶಟರಿಂಗ್ ಹೊಡೆದ ನಮ್ಮ ಉತ್ತರ ಕರ್ನಾಟಕದ ಹುಡುಗ ಆ ಮೆಟ್ಟಿಲ ಮೇಲೆ ನಿಂತು ಇದನ್ನು ಕೇಳಿಸಿಕೊಂಡರೆ ಅವನಿಗೆ ಆ ಕಟ್ಟಡ ಬೇರೆಯೇ ಆಗಿ ಕಾಣುತ್ತದೆ. ಕಟ್ಟಿದವರ ಹೆಸರು ಕಲ್ಲಿನ ಮೇಲೆ ಇರುವುದಿಲ್ಲ, ಉದ್ಘಾಟಿಸಿದವರದ್ದು ಇರುತ್ತದೆ. ಗೈಡಿನ ಬಾಯಲ್ಲಾದರೂ ಇರಲಿ.

ದೋಹಾದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ, ನೋಡದವರು ಒಂದು ರಜಾದಿನ ಹೋಗಿ ಬನ್ನಿ. ಮುಶೈರಿಬ್ ಮ್ಯೂಸಿಯಮ್ಮುಗಳಲ್ಲಿ ಕಂಪೆನಿ ಹೌಸ್ ಎನ್ನುವುದೊಂದು. ಹಿಂದೆ ಎಣ್ಣೆ ಕಂಪೆನಿಯ ಕಚೇರಿಯಾಗಿದ್ದ ಮನೆ. ಮೊದಲ ತಲೆಮಾರಿನ ಎಣ್ಣೆ ಕಾರ್ಮಿಕರು ಹೇಗೆ ದುಡಿದರು ಎನ್ನುವುದೇ ಅಲ್ಲಿನ ವಿಷಯ. ಪಕ್ಕದ ಬಿನ್ ಜಲ್ಮೂದ್ ಹೌಸ್ ಗುಲಾಮಗಿರಿಯ ಇತಿಹಾಸವನ್ನು, ಹಿಂದೂ ಮಹಾಸಾಗರದ ಮೇಲೆ ಮನುಷ್ಯರನ್ನು ಸಾಗಿಸಿದ ಕಥೆಯನ್ನು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಸೊಗಸಾದ ಕಟ್ಟಡ ತೋರಿಸಿ ಫೋಟೊ ತೆಗೆಸಿ ಕಳಿಸಿದ್ದರೂ ಆಗುತ್ತಿತ್ತು, ಹಾಗೆ ಮಾಡಲಿಲ್ಲ.

ಕಾಸರಗೋಡಿನವರ ಮಾತೂ ಇಲ್ಲಿ ಬರಬೇಕು. ಗಲ್ಫಿನ ಯಾವ ಕನ್ನಡ ಸಂಘದಲ್ಲಿ ಅವರಿಲ್ಲ? ಯಕ್ಷಗಾನ ಆಡಿಸುವವರು ಅವರು, ಪಾಯಸ ಬಡಿಸುವವರು ಅವರು. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾದಾಗ ಅವರ ಊರು ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈಯಂಥವರು ಬದುಕಿಡೀ ಹೋರಾಡಿದರು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು, ಅದು ಜಾರಿಗೆ ಬರಲಿಲ್ಲ. ಈಗ ಮಂಜೇಶ್ವರದ ಒಬ್ಬರು ಹಿರಿಯರು ಟಿಕೆಟ್ ತೆಗೆದು ಸಭಾಂಗಣದ ಬಾಗಿಲಲ್ಲಿ ನಿಂತು, "ನಮ್ಮ ಊರಿನ ಕುರ್ಚಿ ಇಲ್ಲಿ ಯಾಕಿಲ್ಲ ಮಾರಾಯ್ರೆ?" ಎಂದು ಕೇಳಿದರೆ ಗೈಡು ಏನು ಹೇಳಬೇಕು? ನಕ್ಕು ಮುಂದೆ ಹೋಗಬಾರದು. ಭಾಷಣವನ್ನೂ ಬಿಗಿಯಬಾರದು. ಎರಡು ನಿಮಿಷದಲ್ಲಿ ಆಯೋಗ, ವರ್ಷ, ನದಿ, ಆಮೇಲೆ ಏನಾಯಿತು ಎನ್ನುವುದನ್ನು ನೆಟ್ಟಗೆ ಹೇಳಲು ಬರಬೇಕು. ಅಂಥ ಉತ್ತರಕ್ಕೆ ಓದು ಬೇಕು, ಓದಿಗೆ ಸಮಯ ಬೇಕು, ಸಮಯಕ್ಕೆ ಸಂಬಳ ಬೇಕು. 76 ದಿನದ ಕೂಲಿಯವರಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ತರಬೇತಿ ಎಂದಾಗ 2022ರ ವಿಶ್ವಕಪ್ ನೆನಪಾಗುತ್ತದೆ. ಆಗ ಇಲ್ಲಿ 20,000 ಸ್ವಯಂಸೇವಕರಿದ್ದರು, ನಮ್ಮ ಕನ್ನಡದವರೂ ಇದ್ದರು. ನಾನು ಕಂಡಂತೆ ಅವರು ಸೋತವರ ಜೊತೆ, ದಾರಿ ತಪ್ಪಿದವರ ಜೊತೆ, ಸಿಟ್ಟುಮಾಡಿದವರ ಜೊತೆ ಹೇಗೆ ಮಾತಾಡಬೇಕೆಂದು ಕಲಿತೇ ನಿಂತಿದ್ದರು. ಸಂಬಳವಿಲ್ಲದ ಕೆಲಸಕ್ಕೆ ಅಷ್ಟು ಸಿದ್ಧತೆ. ವಿಧಾನಸೌಧದ ಗೈಡಿಗೂ ಅಷ್ಟಾದರೂ ಸಿಗಲಿ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ತಂಡ, ಇಂಗ್ಲಿಷ್ ತಂಡ ಎಂದು ಬೇರೆ ಮಾಡಿದಾಗ ನಮ್ಮ ಮಕ್ಕಳು ಎಲ್ಲಿ ಹೋಗಬೇಕು? ಮನೆಯಲ್ಲಿ ಕನ್ನಡವೋ ತುಳುವೋ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷು. "ವಿಧೇಯಕ", "ಗೊತ್ತುವಳಿ", "ಅಂಗೀಕಾರ" ಎಂದರೆ ಕಣ್ಣು ಕಣ್ಣು ಬಿಡುತ್ತವೆ. ಹಾಗೆಂದು ಇಂಗ್ಲಿಷ್ ತಂಡಕ್ಕೆ ತಳ್ಳಿದರೆ ಅಷ್ಟು ದೂರ ಕರೆದುಕೊಂಡು ಬಂದದ್ದೇಕೆ? ಮಕ್ಕಳಿಗೆಂದೇ ತಿಂಗಳಿಗೆ ಒಂದೆರಡು ಸುತ್ತು, ಸುಲಭದ ಕನ್ನಡದಲ್ಲಿ, ಕಥೆ ಹೇಳಿದಂತೆ ಹೇಳುವವರನ್ನು ಇಡಲಿ. ಗಲ್ಫಿನ ಶಾಲೆಗಳ ಬೇಸಿಗೆ ರಜೆ ಜುಲೈ, ಆಗಸ್ಟಿನಲ್ಲಿ. ಆ ಎರಡು ತಿಂಗಳು ಅಂಥ ಸುತ್ತು ಹೆಚ್ಚಿಸಲಿ.

ಬೆಳಗಾವಿಯನ್ನು ಮರೆಯುವುದು ಬೇಡ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೆಲವೇ ದಿನ. ಉಳಿದಂತೆ ಅಷ್ಟು ದೊಡ್ಡ ಸೌಧಕ್ಕೆ ಬೇಕಾದಷ್ಟು ಬಿಡುವು. ಅಲ್ಲಿ ಗಡಿನಾಡಿನ ಹುಡುಗ ಹುಡುಗಿಯರಿಗೆ ಈ ಕೆಲಸ ಸಿಕ್ಕರೆ ಬೆಂಗಳೂರಿಗಿಂತ ಹೆಚ್ಚು ಅರ್ಥವಿದೆ. ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದಿಂದ ಇಲ್ಲಿಗೆ ಬಂದವರು ಬೆಂಗಳೂರಿಗೆ ಹೋಗುವುದೇ ಅಪರೂಪ.

ಈ ಬೇಸಿಗೆಯಲ್ಲಿ ರಜೆಗೆ ಹೋಗುವವರಿಗೆ: ಟಿಕೆಟ್ ಮುಂಚೆಯೇ ಬುಕ್ ಮಾಡಿ, ಮೊದಲ, ಮೂರನೇ ಶನಿವಾರ ಹೋಗಿ ಗೇಟಿನಲ್ಲಿ ನಿಲ್ಲಬೇಡಿ. ಹೊರಡುವ ಮುನ್ನ ಈಗಿನ ನಿಯಮ, ದರ ಇನ್ನೊಮ್ಮೆ ನೋಡಿಕೊಳ್ಳಿ. ಗುರುತಿಗೆ ಕತಾರ್ ಐಡಿ ನಂಬಿ ಹೋಗದೆ ಪಾಸ್‌ಪೋರ್ಟೋ ಆಧಾರೋ, ಅಸಲು ಪ್ರತಿಯನ್ನೇ ಇಟ್ಟುಕೊಳ್ಳಿ. ಗೈಡಿನ ಹತ್ತಿರ ಆ ಕೈದಿಗಳ ಬಗ್ಗೆ ಕೇಳಿ. ಅವರು ಏನು ಹೇಳಿದರು, ಮಕ್ಕಳಿಗೆ ಎಷ್ಟು ಅರ್ಥವಾಯಿತು ಎನ್ನುವುದನ್ನು ವಾಪಸ್ ಬಂದ ಮೇಲೆ ನಾಲ್ಕು ಸಾಲು ಬರೆದು ಸಂಘದ ಕಾರ್ಯದರ್ಶಿಗಳಿಗೆ ಕೊಡಿ. ರಾಜ್ಯೋತ್ಸವದ ಹೊತ್ತಿಗೆ ಸಭಾಧ್ಯಕ್ಷರಿಗೆ ಕಳಿಸುವ ಮನವಿಗೆ ಅವನ್ನು ಜೋಡಿಸಬಹುದು.